ಟಿವಿಯಾಗ ನೋಡಿದ ಲಾಸ್ ವೇಗಸ್ ಗಿರವಿ ಅಂಗಡಿಗೆ ಹೋಗಿ ಬಂದೆ. ನಮ್ಮ ಸರಾಫ್ ಗಲ್ಲಿಯಾಗ ಇಂಥಾದ್ದು ನಡದೀತೇನ್ರಿ?

ಟಿಳಕವಾಡಿ ತಿರುಗಾಟ · ಬೆಳಗಾವಿ

ಪಾನ್ ಸ್ಟಾರ್ಸ್ ಅನ್ನೋ ಗಿರವಿ ಅಂಗಡಿ ಕಾರ್ಯಕ್ರಮ ನೋಡಿದವ್ರು ಇಲ್ಲೆ ಕಮ್ಮಿ ಇಲ್ಲಂತ ಗೊತ್ತೈತಿ. ಹಿಸ್ಟರಿ ಟಿವಿ18ರಾಗ ಹಿಂದಿ ಡಬ್ಬಿಂಗ್ ಬರ್ತಿತ್ತಲ್ಲ, ಅದ. ಬೋಳುತಲಿ ರಿಕ್ ಹ್ಯಾರಿಸನ್, ಕುರ್ಚಿಯಾಗ ತೂಕಡಿಸ್ಕೋತ ಕುಂತು ಎಲ್ಲಾರಿಗೂ ಬೈಯೋ ಅವರಪ್ಪ, ಮಗ ಕೋರಿ, ಅವನ ದೋಸ್ತ ಚಮ್ಲಿ. ಮಗಳ ಮನಿಗೆ ಅಮೆರಿಕಾಕ್ಕ ಹೋದಾಗ ಲಾಸ್ ವೇಗಸ್ಸಿಗೂ ಹೋದ್ವಿ. ಮನಿ ಮಂದಿ ಕ್ಯಾಸಿನೊ, ಕಾರಂಜಿ ಅಂದ್ರು. ನಾ ಆ ಗಿರವಿ ಅಂಗಡಿ ನೋಡ್ದ ಊರು ಬಿಡಂಗಿಲ್ಲ ಅಂದೆ. ಮುಂದ ಹೋಗೋರಿಗೆ ಉಪಯೋಗ ಆಗ್ಲಿ ಅಂತ ಬರಿಯಾಕತ್ತೀನಿ. ಕಡೀಕ ಒಂದು ಪ್ರಶ್ನೆನೂ ಐತಿ.

ದೊಡ್ಡ ದೊಡ್ಡ ಹೋಟೆಲ್ ಇರೋ ಸ್ಟ್ರಿಪ್ ಮ್ಯಾಲ ಈ ಅಂಗಡಿ ಇಲ್ಲ. ಹೆಸರು ಗೋಲ್ಡ್ ಅಂಡ್ ಸಿಲ್ವರ್ ಪಾನ್ ಶಾಪ್, ವಿಳಾಸ 713 ಲಾಸ್ ವೇಗಸ್ ಬುಲೆವಾರ್ಡ್ ಸೌತ್. ರಸ್ತೆ ಅದ ಖರೆ, ಆದ್ರ ಸ್ಟ್ರಿಪ್ ಮುಗಿದ ಮ್ಯಾಲ ಉತ್ತರಕ್ಕ, ಹಳೇ ಡೌನ್‌ಟೌನಿನ ಫ್ರೀಮಾಂಟ್ ಸ್ಟ್ರೀಟ್ ಕಡಿ ಹೋಗೂ ಹಾದಿಯೊಳಗ ಬರ್ತೈತಿ. ಆ ಕಡಿ ಹೊಂಟಂಗ ಊರಿನ ಬಣ್ಣನ ಬ್ಯಾರೆ ಆಗ್ತೈತಿ: ನಿಂತ ಕಾಲ ಮ್ಯಾಲ ಲಗ್ನಾ ಮಾಡಿಸೋ ಚಾಪೆಲ್, ಹಳೇ ಮೋಟೆಲ್, ಜೈಲಿನಿಂದ ಜಾಮೀನಿನ ಮ್ಯಾಲ ಬಿಡಿಸೋರ ಬೋರ್ಡು. ಡ್ಯೂಸ್ ಅನ್ನೋ ಎರಡಂತಸ್ತಿನ ಬಸ್ಸು ಆ ರಸ್ತೆಗುಂಟ ಓಡಾಡ್ತೈತಿ. ಬ್ಯಾಸಗಿಯಾಗ ಹೋದವ್ರು ನಡಕೋತ ಹೋಗೂ ಹುಚ್ಚು ಸಾಹಸ ಮಾಡಬ್ಯಾಡ್ರಿ, ಅದು ಮರಳುಗಾಡು.

ಒಳಗ ಗಾಜಿನ ಕಪಾಟಿನಾಗ ಗಡಿಯಾರ, ನಾಣ್ಯ, ಉಂಗರ, ಗ್ವಾಡಿ ಮ್ಯಾಲ ಚಿತ್ರ. ಅಮೆರಿಕನ್ ಫುಟ್‌ಬಾಲ್ ಗೆದ್ದ ಆಟಗಾರರಿಗೆ ಕೊಡೋ ಸೂಪರ್ ಬೌಲ್ ಉಂಗರಕ್ಕ ಈ ಅಂಗಡಿ ಹೆಸರುವಾಸಿ. ಒಂದು ಕಾಲದಾಗ ಅದು ಒಬ್ಬ ಹುಡುಗನ ಬೆರಳಿನಾಗಿತ್ತು, ಗೆದ್ದ ರಾತ್ರಿ ಕುಣದಿದ್ದ, ಆಮ್ಯಾಲ ಏನೋ ಅಡಚಣಿ ಬಂತು. ಇಷ್ಟು ಮನಸ್ಸಿಗೆ ಬಂದ ಮ್ಯಾಲ ಬಾಕಿ ಸಾಮಾನು ನೋಡೂ ಕಣ್ಣ ಬ್ಯಾರೆ ಆಗ್ತೈತಿ. ಟಿ-ಶರ್ಟು, ಕಪ್ಪು, ಫ್ರಿಜ್ ಮ್ಯಾಗ್ನೆಟ್ಟು, ತಲಿ ಅಳ್ಳಾಡಿಸೋ ಗೊಂಬಿ ಇಟ್ಟ ಕಡಿ ಮಂದಿ ಭಾಳ. ನಾನೂ ಒಂದು ಮ್ಯಾಗ್ನೆಟ್ ತಗೊಂಡೆ.

ಕಾರ್ಯಕ್ರಮ ಶುರುವಾಗಿದ್ದು 2009ರ ಜುಲೈದಾಗ. ಅದಕ್ಕಿಂತ ಮೊದಲ ದಿನಕ್ಕ 70ರಿಂದ 100 ಗಿರಾಕಿ ಬರ್ತಿದ್ರು, 2010ರ ಅಕ್ಟೋಬರ್ ಅನ್ನೋದ್ರಾಗ 700 ದಾಟಿದ್ರು. ಬಂದವ್ರೆಲ್ಲಾ ಮೊಬೈಲ್ ಎತ್ತಿದವ್ರ. ಅಡಚಣಿ ನಡೂವ ಗಿರವಿ ಇಡಾಕ ಬಂದವ್ರ ಗುರುತು ಹೊರಗ ಬೀಳಬಾರ್ದು ಅಂತ ಅಲ್ಲಿ ಕಾಯ್ದೆ ಐತಿ. ಅದಕ್ಕ ಟಿವಿಯಾಗ ಕಾಣೋ ನಾಲ್ಕೂ ಮಂದಿ ಕೌಂಟರಿನಾಗ ನಿಂದ್ರೂದ ಬಿಟ್ಟರು. ಇವ್ರು ನಿಂತ್ರ ಸುತ್ತ ಫೋಟೋ ತಗಿಯೋ ಮಂದಿ, ಆ ಫೋಟೋದಾಗ ಹಿಂದ ನಿಂತ ಬಡವನ ಮಾರಿ.

ನನಗ ಅನಿಸಿದ್ದು ಇಷ್ಟ: ಜಗತ್ತಿನಾಗ ಎಲ್ಲಾಕ್ಕಿಂತ ಹೆಸರಾದ ಗಿರವಿ ಅಂಗಡಿಯೊಳಗ ಹೋಗಿ ನಾವು ಗಿರವಿ ಒಂದನ್ನ ಬಿಟ್ಟು ಬಾಕಿ ಎಲ್ಲಾ ನೋಡಿ ಬರ್ತೀವಿ. ಈಗ ಪ್ರಶ್ನೆ. ನಮ್ಮ ಸರಾಫ್ ಗಲ್ಲಿಯಾಗ, ವಿಜಯಪುರ ಬಾಗಲಕೋಟಿ ಪ್ಯಾಟಿಯಾಗ, ಕ್ಯಾಮೆರಾ ಇಟ್ಟು ಇಂಥಾ ಕಾರ್ಯಕ್ರಮ ಮಾಡಿದ್ರ ನಡದೀತೇನು?

ಖಡೇಬಜಾರ ಚಹಾ · ಬೆಳಗಾವಿ

ಚಮ್ಲಿ ಸಿಕ್ಕನೇನ್ರಿ? ಅದೊಂದ ಹೇಳ್ರಿ.

ಟಿಳಕವಾಡಿ ತಿರುಗಾಟ

ಇಲ್ಲ. ಸಿಗ್ತಾನ ಅಂತ ಹೋಗಿರ್ಲಿಲ್ಲ. ಮುದುಕ ರಿಚರ್ಡ್ ಹ್ಯಾರಿಸನ್ ಅಂತೂ 2018ರ ಜೂನ್‌ದಾಗ ತೀರಿಕೊಂಡ. ನನಗ ಆ ಕಾರ್ಯಕ್ರಮದಾಗ ಸೇರ್ತಿದ್ದವ ಅವನ.

ಮೂರನೇ ತಲಿ ಸರಾಫ · ಶಹಾಪುರ, ಬೆಳಗಾವಿ

ನಡಿಯಂಗಿಲ್ಲ. ಒಂದ ಮಾತಿನಾಗ ಹೇಳಬೇಕಂದ್ರ ಇಷ್ಟ. ಆದ್ರ ಕೇಳೀರಿ ಅಂದಮ್ಯಾಲ ಸವಿಸ್ತಾರ ಹೇಳ್ತೀನಿ.

ನಮ್ಮ ಅಂಗಡಿಗೆ ಗಿರವಿ ಇಡಾಕ ಬರೋರು ಮೊದಲ ಎದುರಿನ ಚಹಾದಂಗಡಿಯಾಗ ಕುಂಡರ್ತಾರ. ಒಳಗ ಗುರುತಿನ ಮಂದಿ ಯಾರಿಲ್ಲ ಅಂತ ಖಾತ್ರಿ ಆದ ಮ್ಯಾಲ ಬರ್ತಾರ. ಹೆಣ್ಣಮಕ್ಕಳು ಸೆರಗಿನಾಗ ಕಟ್ಟಿಕೊಂಡು ತಂದಿರ್ತಾರ, ಕೂಡ್ಲೇ ಬಿಚ್ಚಂಗಿಲ್ಲ. ಹೊಸಾ ಡಿಸೈನ್ ಬೆಳ್ಳಿ ಕಾಲುಂಗರ ತೋರಿಸ್ರಿ ಅಂತಾರ, ನೋಡ್ತಾರ, ಇಡ್ತಾರ. ನಮ್ಮಪ್ಪಗ ಗೊತ್ತಾಗ್ತಿತ್ತು. "ಅಕ್ಕಾರ, ಒಳಗ ಬರ್ರಿ" ಅಂತಿದ್ದ. ಒಳಗ ಅಂದ್ರ ಪರದೆ ಹಿಂದಿನ ಸಣ್ಣ ಖೋಲಿ. ಅಲ್ಲೆ ಕ್ಯಾಮೆರಾ ಹೆಂಗ ಇಡ್ತೀರಿ?

ಎರಡನೇದ್ದು ವ್ಯವಹಾರದ ಮಾತು. ಆ ರಿಕ್ ಕೇಳೋದು "ಇದು ಯಾರದಿತ್ತು, ಯಾವ ಯುದ್ಧದ್ದು" ಅಂತ. ನಾವು ಕೇಳೋದು ತೂಕ. ಒರೆಗಲ್ಲಿಗೆ ತಿಕ್ಕಿ, ತೇಜಾಬ್ ಬಿಟ್ಟು ನೋಡ್ತಿದ್ವಿ, ಈಗ ಮಷೀನ್ ಬಂದಾವ. ಮುತ್ತಜ್ಜಿ ಬೋರಮಾಳ ತಂದ್ರ ಅದಕ್ಕ ನೂರು ವರ್ಷದ ಕಥಿ ಇರ್ತೈತಿ, ಖರೆ. ಆದ್ರ ಬೋರಮಾಳದ ಗುಂಡಿನಾಗ ಅರಗು ತುಂಬಿರ್ತಾರ, ಆ ಅರಗಿನ ತೂಕ ಕಳೀಲೇಬೇಕು. ಕಳದಾಗ ಎದುರಿಗೆ ಕುಂತವ್ರ ಮಾರಿ ನೋಡೂದು ನನಗ ಇವತ್ತಿಗೂ ಕಷ್ಟ. ಪಾಟ್ಲಿ, ಬಿಲ್ವಾರ ಇದ್ರ ತಕರಾರಿಲ್ಲ, ಗಟ್ಟಿ ಬಂಗಾರ. ಕಥಿಗೆ ನಮ್ಮಲ್ಲಿ ರೊಕ್ಕ ಹುಟ್ಟಂಗಿಲ್ರಿ.

ಮೂರನೇದ್ದು, ಆ ಕಾರ್ಯಕ್ರಮದಾಗ "ಗಿರವಿನೋ, ಮಾರಾಟನೋ" ಅಂತ ಕೇಳ್ತಾರ, ಬಂದವ್ರಾಗ ಹತ್ರಾಗ ಒಂಬತ್ತು ಮಂದಿ ಮಾರಾಟ ಅಂದಂಗ ಕಾಣಸ್ತೈತಿ. ನಮ್ಮ ಕಡಿ ಉಲ್ಟಾ. ಮಾರತೀನಿ ಅಂತ ಯಾರೂ ಬರಂಗಿಲ್ಲ. ಬಿಡಿಸ್ಕೋತೀನಿ ಅನ್ನೋ ಆಸೆಯಿಂದನ ಬರ್ತಾರ.

ಅಥಣಿ ಕಬ್ಬು · ಅಥಣಿ

ಸರಾಫರ ಹೇಳಿದ್ದು ಬರೋಬ್ಬರಿ. ನಮ್ಮ ಕಡಿ ಬಂಗಾರ ವರ್ಷಕ್ಕೊಮ್ಮೆ ಊರ ತಿರಗತೈತಿ. ಮಿರಗ ಕೂಡಿದಾಗ ಬೀಜ ಗೊಬ್ಬರಕ್ಕ ಒಳಗ ಹೋಗ್ತೈತಿ, ಫ್ಯಾಕ್ಟರಿಯವ್ರು ಕಬ್ಬಿನ ಬಿಲ್ಲು ಹಾಕಿದ ಮ್ಯಾಲ ಹೊರಗ ಬರ್ತೈತಿ. ಬಿಲ್ಲು ತಡಾ ಆತಂದ್ರ ಲಗ್ನದ ಸೀಜನ್ನಿನಾಗ ಹೆಣ್ಣಮಕ್ಕಳು ಖಾಲಿ ಕೈಲೆ ಹೋಗಬೇಕು. ಇದರಾಗ ಟಿವಿಯವ್ರು ಏನ ತೋರಿಸ್ತಾರ? "ಬರ್ರಿ ನೋಡ್ರಿ, ಇವರ ಬಿಲ್ವಾರ ಈ ವರ್ಷನೂ ಒಳಗ" ಅಂತನಾ?

ನಾ ಈಗ ಸೊಸೈಟಿ, ಬ್ಯಾಂಕಿನಾಗ ಇಡ್ತೀನಿ. ಅಲ್ಲೂ ಸಾಲಿನಾಗ ನಿಂದ್ರಬೇಕು, ಆದ್ರ ಅಲ್ಲೆ ಎಲ್ಲಾರೂ ಅದಕ್ಕ ಬಂದವ್ರ ಇರೂದ್ರಿಂದ ನಾಚಿಕಿ ಕಮ್ಮಿ.

ಬೀಳಗಿ ಮಾಸ್ತರ · ಬೀಳಗಿ, ಬಾಗಲಕೋಟೆ ಜಿಲ್ಲೆ

ಕಬ್ಬಿನ ಮಿತ್ರರು ಬ್ಯಾಂಕಿನ ಮಾತು ತೆಗೆದದ್ದಕ್ಕೆ ಒಂದು ಪೂರಕ ಮಾಹಿತಿ. ಬಂಗಾರದ ಬೆಲೆಯ ಶೇ 75ಕ್ಕಿಂತ ಹೆಚ್ಚು ಸಾಲ ಕೊಡಬಾರದೆಂಬ ಮಿತಿ ಬಹಳ ಕಾಲ ಇತ್ತು. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನದಲ್ಲಿ 2.5 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅದನ್ನು ಶೇ 85ಕ್ಕೆ ಏರಿಸಲಾಗಿದೆ. ಖಾಸಗಿ ಗಿರವಿದಾರರಿಗೆ ಕರ್ನಾಟಕ ಗಿರವಿದಾರರ ಕಾಯ್ದೆ 1961 ಅನ್ವಯ. ಸಹಕಾರ ಇಲಾಖೆಯಿಂದ ಲೈಸೆನ್ಸ್ ಬೇಕು, ಒತ್ತೆ ಇಟ್ಟವರಿಗೆ ಚೀಟಿ ಕೊಡಲೇಬೇಕು. ಚೀಟಿ ಇಲ್ಲದೆ, ಬರೀ ಬಾಯಿಮಾತಿನ ಮೇಲೆ ಇಟ್ಟುಕೊಳ್ಳುವವರು ಇವತ್ತಿಗೂ ಇದ್ದಾರೆ. ಅಂಥ ಕಡೆ ಕ್ಯಾಮೆರಾ ಇಟ್ಟರೆ ಒಳ್ಳೆಯದೇ ಆದೀತು!

ಮೂರನೇ ತಲಿ ಸರಾಫ

ಮಾಸ್ತರ, ಚೀಟಿ ನಾವು ಕೊಡ್ತೀವ್ರಿ. ಬ್ಯಾಡ ಅನ್ನೋರು ಗಿರಾಕಿನ. "ಮನ್ಯಾಗ ಸಿಕ್ರ ಗಂಡ ಬೈತಾನ, ನಿಮ್ಮ ಕಡಿನ ಇರ್ಲಿ" ಅಂತಾರ. ಒತ್ತಾಯ ಮಾಡಿ ಕೊಟ್ಟು ಕಳಸ್ತೀನಿ.

ಗುಮ್ಮಟದ ನೆರಳು · ವಿಜಯಪುರ

ನೀವೆಲ್ಲಾ ಬಂಗಾರದಾಗ ಸಿಕ್ಕೊಂಡ್ರಿ. ತಿರುಗಾಟದವ್ರು ಕೇಳಿದ್ದು ಹಳೇ ಸಾಮಾನಿನ ಮಾತೂ ಅದ. ಆ ಕಾರ್ಯಕ್ರಮಕ್ಕ ತಕ್ಕಂಥಾ ಎಪಿಸೋಡು ನಮ್ಮೂರಾಗ 1854ರಾಗ ಆಗಿ ಹೋಗ್ಯದ.

ಮಲಿಕ್-ಎ-ಮೈದಾನ್ ತೋಪು ನೋಡೀರಲ್ಲ. 1549ರಾಗ ಅಹ್ಮದನಗರದಾಗ ಎರಕಾ ಹೊಯ್ದದ್ದು, ತೂಕ ಸುಮಾರು 55 ಟನ್. ಸಿಂಹದ ಬಾಯಾಗ ಆನಿ ಸಿಕ್ಕಂಗ ಅದರ ಮೂತಿ ಮಾಡ್ಯಾರ. ಬ್ರಿಟಿಷರ ಕಾಲಕ್ಕ, ಕೆಲಸಕ್ಕ ಬರಲಾರದ ಹಳೇ ಸಾಮಾನೆಲ್ಲಾ ಮಾರ್ರಿ ಅಂತ ಸರಕಾರದ ಹುಕುಂ ಬಂತು, ಈ ತೋಪನ್ನೂ ಹರಾಜಿಗೆ ಇಟ್ಟರು. ಎಲ್ಲಾಕ್ಕಿಂತ ಹೆಚ್ಚಿನ ಸವಾಲು ಎಷ್ಟು ಬಂತು ಹೇಳ್ರಿ ನೋಡೋಣ? 150 ರೂಪಾಯಿ. ಇಲ್ಲಿನ ಮಾಮಲೇದಾರಗ ಅದು ಭಾಳ ಕಮ್ಮಿ ಅನಿಸ್ತು, ಮಂದಿ ಈ ತೋಪಿನ ಮ್ಯಾಲ ಎಷ್ಟು ಭಕ್ತಿ ಇಟ್ಟಾರ ಅನ್ನೋದೂ ಗೊತ್ತಿತ್ತು. ಬಾಗಲಕೋಟಿಯಾಗಿದ್ದ ಅಸಿಸ್ಟೆಂಟ್ ಕಮಿಷನರ್‌ಗ ಬರದ. ಹರಾಜು ರದ್ದಾತು. ಇಲ್ಲಾಂದ್ರ ಇವತ್ತ ಅದು ಯಾರದೋ ಮನಿ ಹಂಡೆ, ಕೊಡ ಆಗಿ ಹೋಗಿರ್ತಿತ್ತು.

ಕಥಿಗೆ ರೊಕ್ಕ ಹುಟ್ಟಂಗಿಲ್ಲ ಅಂತ ಸರಾಫರು ಅಂದ್ರಲ್ಲ. ಇಲ್ಲೆ ಕಥಿನ ತೋಪನ್ನ ಉಳಿಸ್ತು. ತೂಕಕ್ಕ ಹೋಗಿದ್ರ 150 ರೂಪಾಯಿ.

ಮೂರನೇ ತಲಿ ಸರಾಫ

ಒಪ್ಪಿದೆ. ಆದ್ರ ಉಳಿಸಿದವ ವ್ಯಾಪಾರಿ ಅಲ್ರಿ, ಮಾಮಲೇದಾರ.

ನವನಗರದ ಹಳಬ · ಬಾಗಲಕೋಟೆ

ಗುಮ್ಮಟದವರ ಕಥಿ ಓದಿ ಹೊಟ್ಟಿ ಉರೀತು, ಯಾಕಂದ್ರ ನಮ್ಮೂರಿಗೆ ಅಂಥಾ ಮಾಮಲೇದಾರ ಸಿಗಲಿಲ್ಲ.

ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟಿ ಮುಳಗತೈತಿ ಅಂತ ಆದಾಗ ಮನಿ ಬಿಟ್ಟು ನವನಗರಕ್ಕ ಬಂದ್ವಿ. ಪರಿಹಾರದ ರೊಕ್ಕ ಬಂತು, ಹೊಸಾ ಪ್ಲಾಟು ಬಂತು. ಹಳೇ ಮನಿಯಾಗ ಸಾಗವಾನಿ ಕಂಬ ಇದ್ವು, ಬೋದಗಿ ಮ್ಯಾಲ ಗಿಣಿ ಕೆತ್ತಿದ್ದು. ತಲಬಾಗಿಲು ಎರಡಾಳು ಎತ್ತಬೇಕು. ಹೊಸಾ ಮನಿ ಆರ್‌ಸಿಸಿ, ಅದನ್ನೆಲ್ಲಾ ಎಲ್ಲಿಡೂದು? ಹೊರಗಿನಿಂದ ಹಳೇ ಕಟಗಿ ಕೊಳ್ಳೋರು ಲಾರಿ ತಗೊಂಡು ಬಂದಿದ್ರು. ಓಣಿ ಓಣಿ ತಿರಗಿ ಕಟಗಿ ರೇಟಿನಾಗ ಎತ್ತಿಕೊಂಡು ಹೋದ್ರು. ಕೆತ್ತನಿಗೆ ಒಂದು ಪೈಸಾ ಜಾಸ್ತಿ ಕೊಡಲಿಲ್ಲ, ಕೇಳೂ ಬುದ್ಧಿ ನಮಗೂ ಇರಲಿಲ್ಲ. ಮಂದಿಗೆಲ್ಲಾ ಮನಿ ಖಾಲಿ ಮಾಡೂ ಅವಸರ, ದುಃಖ ಬ್ಯಾರೆ. ಇವತ್ತ ದೊಡ್ಡ ದೊಡ್ಡ ರೆಸಾರ್ಟಿನ ಫೋಟೋದಾಗ ಅಂಥಾ ಕಂಬ ಕಂಡ್ರ ನಮ್ಮನಿದೇನೋ ಅಂತ ದೊಡ್ಡದು ಮಾಡಿ ನೋಡ್ತೀನಿ.

ಆ ಟಿವಿ ಅಂಗಡಿಯಾಗ ನನಗ ಸೇರೂದು ಒಂದ. ಸಾಮಾನು ತಂದವ್ರ ಎದುರಿಗೆ ತಿಳದವ್ರನ್ನ ಕರಸ್ತಾರ. ಬೆಲಿ ಏನಂತ ಮಾರೋವ್ನ ಕಿವಿಗೂ ಬೀಳ್ತೈತಿ. ಆಮ್ಯಾಲ ಅರ್ಧಕ್ಕ ಕೇಳಿದ್ರೂ, ಗೊತ್ತಿದ್ದು ಕೊಟ್ಟಂಗಾತು. ನಮಗ ಹೇಳೋರು ಯಾರಿದ್ರು?

ಟಿಳಕವಾಡಿ ತಿರುಗಾಟ

ಹಳಬರ, ಇದು ನನ್ನ ತಲಿಗೆ ಹೊಳದಿರಲಿಲ್ಲ. ಅಲ್ಲಿ ಟೊಪ್ಪಿಗಿ, ಉದ್ದನ ಗಡ್ಡದ ಮಾರ್ಕ್ ಹಾಲ್-ಪ್ಯಾಟನ್ ಅಂತ ಒಬ್ಬ ಬರ್ತಿದ್ದ, ನೆನಪೈತಿ? ಅವ ನಟ ಅಲ್ಲ, ಆ ಕೌಂಟಿಯ ಸರಕಾರಿ ವಸ್ತುಸಂಗ್ರಹಾಲಯಗಳ ಆಡಳಿತಗಾರ ಆಗಿದ್ದವ. ಹಳೇ ಪುಸ್ತಕ ಬಂದ್ರ ರೆಬೆಕಾ ರಾಮ್ನಿ. ನಮ್ಮ ಗೋಲಗುಂಬಜದ ಮುಂದಿನ ನಗಾರಖಾನೆಯ ಮ್ಯೂಸಿಯಂ ಸಾಹೇಬ್ರನ್ನ ಸರಾಫ್ ಬಜಾರಕ್ಕ ಫೋನ್ ಹಚ್ಚಿ ಕರಸಿದಂಗ ಆತು.

ಗುಮ್ಮಟದ ನೆರಳು

ಬರಂಗಿಲ್ಲ. ಬಂದ್ರೂ ಸಾಮಾನು ಸೀಲ್ ಮಾಡಾಕ ಬಂದಾರು 😀

ಬೀಳಗಿ ಮಾಸ್ತರ

ನಗೆಯಾಡಿದರೂ ಮಾತು ಸುಳ್ಳಲ್ಲ. ನಮ್ಮ ದೇಶದಲ್ಲಿ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ 1972 ಇದೆ. ನೂರು ವರ್ಷ ದಾಟಿದ ಮೂರ್ತಿ, ನಾಣ್ಯ, ಚಿತ್ರ, ಕುಶಲ ವಸ್ತು ಎಲ್ಲ ಪುರಾವಸ್ತು. ಹಸ್ತಪ್ರತಿಗಾದರೆ 75 ವರ್ಷ ಸಾಕು. ಇವುಗಳ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು, ಮೂರ್ತಿ ಮತ್ತು ಚಿತ್ರಗಳಂಥವನ್ನು ಮನೆಯಲ್ಲಿ ಇಟ್ಟುಕೊಂಡಿದ್ದರೂ ನೋಂದಣಿ ಮಾಡಿಸಬೇಕು. ಖಾಸಗಿಯವರು ವಿದೇಶಕ್ಕೆ ಸಾಗಿಸುವಂತೆಯೇ ಇಲ್ಲ. ಇನ್ನು ಹೊಲ ಉಳುವಾಗ ನಾಣ್ಯದ ಗಡಿಗೆ ಸಿಕ್ಕಿತೆನ್ನಿ, ಅದಕ್ಕೆ ಕರ್ನಾಟಕ ನಿಧಿ ಕಾಯ್ದೆ 1962. ಸರಕಾರಕ್ಕೆ ತಿಳಿಸಬೇಕು.

ಅಮೆರಿಕದ ಆ ಕಾರ್ಯಕ್ರಮದಲ್ಲಿ ಅಜ್ಜನ ಅಟ್ಟದಿಂದ ಇಳಿದ ಕತ್ತಿ, ಪತ್ರ, ಪಿಸ್ತೂಲು ಎಲ್ಲ ಟೇಬಲ್ ಮೇಲೆ ಬರುತ್ತವೆ. ಇಲ್ಲಿ ಮೊದಲ ಎಪಿಸೋಡಿಗೇ ಪೊಲೀಸರು, ಎರಡನೆಯದಕ್ಕೆ ಅರಣ್ಯ ಇಲಾಖೆ. 2023ರ ಅಕ್ಟೋಬರ್‌ನಲ್ಲಿ ಕನ್ನಡ ಬಿಗ್ ಬಾಸ್ ಮನೆಯಿಂದಲೇ ಒಬ್ಬ ಸ್ಪರ್ಧಿಯನ್ನು ಹುಲಿ ಉಗುರಿನ ಪದಕದ ಕಾರಣಕ್ಕೆ ಅರಣ್ಯಾಧಿಕಾರಿಗಳು ಕರೆದೊಯ್ದದ್ದು ನೆನಪಿದೆಯಲ್ಲ. ಟಿವಿಯಲ್ಲಿ ತೋರಿಸಿದರೆ ಊರೆಲ್ಲ ನೋಡುತ್ತದೆ, ಇಲಾಖೆಯೂ ಊರೊಳಗೇ ಇರುತ್ತದೆ.

ಖಡೇಬಜಾರ ಚಹಾ

ಅವತ್ತ ನಮ್ಮ ಗಲ್ಲಿಯಾಗ ಎಷ್ಟು ಮಂದಿ ಕೊರಳ ಚೈನು ಅಂಗಿಯೊಳಗ ಹಾಕ್ಕೊಂಡ್ರು ಅಂತ ನಾ ನೋಡೀನಿ.

ಗೋಕಾಕ ಟು ಅರಿಝೋನಾ · ಊರು ಗೋಕಾಕ, ಸದ್ಯ ಫೀನಿಕ್ಸ್

ನಮ್ಮ ಮನೆಯಿಂದ ವೇಗಸ್ ಕಾರಿನ ಹಾದಿ. ಊರಿಂದ ಬಂದ ಪ್ರತಿಯೊಬ್ಬರೂ ಆ ಅಂಗಡಿ ತೋರಿಸು ಅನ್ನೋದರಿಂದ ನನಗೆ ಅದರ ಬಗ್ಗೆ ಬೇಕಾದ್ದಕ್ಕಿಂತ ಹೆಚ್ಚು ಗೊತ್ತಾಗಿದೆ.

ಹಳಬರು "ಎದುರಿಗೇ ತಿಳಿದವರನ್ನ ಕರೆಸ್ತಾರೆ" ಅಂದ್ರಿ. ಅದು ನೀವು ಅಂದುಕೊಂಡಂತೆ ಅಲ್ಲ. ಬಾಗಿಲು ತೆರೆದು ಬಂದವರನ್ನ ಬಂದಂಗೆ ಶೂಟ್ ಮಾಡೋದಿಲ್ಲ. ಯಾವ ಸಾಮಾನು, ಯಾರು ತರ್ತಾರೆ ಅನ್ನೋದನ್ನ ಕಾರ್ಯಕ್ರಮದವರು ಮೊದಲೇ ಆರಿಸಿರ್ತಾರೆ. ಶೂಟಿಂಗ್ ಇದ್ದಾಗ ಅಂಗಡಿ ಸಾರ್ವಜನಿಕರಿಗೆ ಬಂದ್, ಹಿಂದೆ ಓಡಾಡೋ ಗಿರಾಕಿಗಳಾಗಿ ನಾಲ್ಕೈದು ಮಂದಿಯನ್ನ ಒಳಗೆ ಬಿಡ್ತಾರೆ. ಆ "ನನ್ನ ಗೆಳೆಯನೊಬ್ಬ ಇದ್ದಾನೆ, ಫೋನ್ ಮಾಡ್ತೀನಿ ತಡಿ" ಅನ್ನೋದೆಲ್ಲ ಟಿವಿಯ ಸೊಗಸು. ನಿಜವಾಗಿ ಸಾಮಾನು ತಗೊಂಡು ಕೌಂಟರಿಗೆ ಹೋದವನಿಗೆ ಮ್ಯೂಸಿಯಂ ಗಡ್ಡ ಬಂದು ಪಾಠ ಹೇಳೋದಿಲ್ಲ.

ಹಾಗಂತ ಎಲ್ಲ ನಾಟಕ ಅಂತಲೂ ಅಲ್ಲ. ಅಪ್ಪ ಮಗ ಸೇರಿ ಗಿರವಿ ಅಂಗಡಿ ತೆರೆದದ್ದು 1989ರಲ್ಲಿ, ಅಂದರೆ ಟಿವಿಗಿಂತ ಇಪ್ಪತ್ತು ವರ್ಷ ಮೊದಲು. ಅದಕ್ಕೂ ಮುಂಚೆ ನಾಣ್ಯದ ಅಂಗಡಿ ಇತ್ತು. ಊರಿನ ಜನಸಂಖ್ಯೆ 2,50,000 ದಾಟಿದರೆ ಮಾತ್ರ ಹೊಸ ಗಿರವಿ ಲೈಸೆನ್ಸ್ ಅಂತ ಅಲ್ಲಿ ಹಳೇ ನಿಯಮ ಇತ್ತು. ರಿಕ್ ವಾರ ವಾರ ಜನಗಣತಿ ಲೆಕ್ಕದ ಅಧಿಕಾರಿಗೆ ಫೋನ್ ಮಾಡಿ "ದಾಟಿತೇನು, ದಾಟಿತೇನು" ಅಂತ ಕೇಳ್ತಿದ್ದನಂತೆ. ಈ ಹಟ ನೋಡಿದರೆ ನನಗೆ ನಮ್ಮ ಗೋಕಾಕದ ವ್ಯಾಪಾರಿಗಳೇ ನೆನಪಾಗ್ತಾರೆ.

ಹಳೇ ಸಾಮಾನು ರಿಪೇರಿ ಮಾಡ್ತಿದ್ದ ರಿಕ್ ಡೇಲ್ ಇದ್ದನಲ್ಲ, ಅವನಿಗೆ 2010ರಲ್ಲಿ ಅಮೆರಿಕನ್ ರೆಸ್ಟೊರೇಷನ್ ಅಂತ ಬೇರೆ ಕಾರ್ಯಕ್ರಮವೇ ಸಿಕ್ಕಿತು. ಅಂಗಡಿ ಪಕ್ಕದಲ್ಲಿ ಹಡಗಿನ ಕಂಟೇನರ್ ಪೇರಿಸಿ ಪಾನ್ ಪ್ಲಾಜಾ ಅಂತ ಊಟ-ಅಂಗಡಿಗಳ ಸಂಕೀರ್ಣ ಕಟ್ಟಿದರು. ಒಂದು ಕಾರ್ಯಕ್ರಮ ಒಂದು ಓಣಿಗೇ ಅನ್ನ ಹಾಕಿತು. ಅದನ್ನ ಮರೀಬೇಡಿ.

ನವನಗರದ ಹಳಬ

ಮೊದಲ ಆರಿಸಿರ್ತಾರ ಅಂದ್ರೂ ನನ್ನ ಮಾತು ಸುಳ್ಳಾಗಂಗಿಲ್ಲ. ಟಿವಿ ಮುಂದ ಕುಂತು ನೋಡಿದ ಮಂದಿಗಾದ್ರೂ "ಮಾರೂಕಿಂತ ಮೊದಲ ಯಾರಿಗರೆ ಕೇಳಬೇಕು" ಅನ್ನೋದು ತಿಳೀತಲ್ಲ. ನಮ್ಮ ಕಂಬ ಹೋದ ಹೊತ್ತಿನಾಗ ಅಷ್ಟು ತಿಳದಿದ್ರೂ ಸಾಕಿತ್ತು.

ಅರ್ಧಕ್ಕ ಕೇಳೂದು ಮಾತ್ರ ನನಗ ಸೇರಂಗಿಲ್ಲ.

ಮೂರನೇ ತಲಿ ಸರಾಫ

ಅರ್ಧಕ್ಕ ಕೇಳೂದು ಲೂಟಿ ಅಲ್ರಿ, ವ್ಯಾಪಾರಿ ಕಡಿಂದನೂ ನೋಡ್ರಿ. ತಿಳದವ ಹೇಳೂದು ಹರಾಜಿನಾಗ ಬರಬಹುದಾದ ಬೆಲಿ. ಅದು ಬರೂತನಕ ಆ ಕತ್ತಿ, ಆ ಗಿಟಾರು ಗ್ವಾಡಿ ಮ್ಯಾಲ ವರ್ಷಗಟ್ಟಲೆ ತೂಗ್ಯಾಡ್ತಾವ. ರೊಕ್ಕ ಸಿಕ್ಕೊಂಡಿರ್ತೈತಿ. ರಿಪೇರಿ ಖರ್ಚು, ವಿಮಾ, ಹರಾಜಿನವ್ರ ಕಮಿಷನ್. ಬಂಗಾರ ಹಂಗಲ್ಲ, ಇವತ್ತ ತಗೊಂಡಿದ್ದು ನಾಳೆ ಕರಗಿಸಿ ರೊಕ್ಕ ಮಾಡಬಹುದು, ಅದಕ್ಕ ನಮ್ಮಲ್ಲಿ ಬೆಲಿ ನಡುವಿನ ಅಂತರ ಸಣ್ಣದು. ಅವನ ಧಂದೆ ನಂದಕ್ಕಿಂತ ಕಠಿಣ ಅಂತ ನಾ ಅಂತೀನಿ.

ಅಥಣಿ ಕಬ್ಬು

ಸರಾಫರು ಸರಾಫರನ್ನ ಬಿಟ್ಟುಕೊಡಂಗಿಲ್ಲ. ವೇಗಸ್ಸಿನವ್ರಾದ್ರೂ ಸರಿ.

ರಾಣಿ ಚನ್ನಮ್ಮ ಸರ್ಕಲ್ · ಬೆಳಗಾವಿ

ಗಿರವಿ ಬ್ಯಾಡ ಬಿಡ್ರಿ, ಆದರೆ ಟಿವಿ/ರೀಲ್ಸ್ ಅಂಗಡಿಯನ್ನ ಫೇಮಸ್ ಮಾಡೋದು ಇಲ್ಲೂ ನಡೆದೇ ಇದೆ. ನಮ್ಮ ಕಾಲೇಜಿನ ಹತ್ತಿರ ಒಂದು ಸಣ್ಣ ಖಾನಾವಳಿ ಇತ್ತು, ಹೆಸರು ಹೇಳೋದಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಯಾರೋ ಫುಡ್ ವ್ಲಾಗರ್ ಬಂದು ವಿಡಿಯೋ ಹಾಕಿದ. ಆಮೇಲೆ ಪುಣೆ, ಗೋವಾ ಪಾಸಿಂಗ್ ಕಾರುಗಳು ನಿಲ್ಲೋಕೆ ಶುರುವಾದವು. ದಿನಾ ಉಣ್ಣುತ್ತಿದ್ದ ಹಮಾಲರು, ಹಾಸ್ಟೆಲ್ ಹುಡುಗರು ಹೊರಗೆ ನಿಂತು ಕಾಯಬೇಕು. ಅಲ್ಲಿ ಉಣ್ಣೋರಿಗಿಂತ ರೊಟ್ಟಿ ಬಡಿಯೋ ಅಜ್ಜಿ ವಿಡಿಯೋ ತೆಗೆಯೋರು ಹೆಚ್ಚು. ಅಜ್ಜಿ ಒಳಗಿನ ಕೋಣೆಗೆ ಹೋಗಿ ಬಡಿಯೋಕೆ ಶುರು ಮಾಡಿದ್ರು. ಮೇಲೆ ತಿರುಗಾಟದವರು ಹೇಳಿದ ಅಂಗಡಿ ಕಥೆಯೂ ಇದೇ ಅಲ್ವಾ? ನೋಡೋಕೆ ಬಂದವರು ಹೆಚ್ಚಾದ ಹಾಗೆ ನೋಡಬೇಕಾದ್ದು ಒಳಗೆ ಹೋಗುತ್ತೆ.

ಟಿಳಕವಾಡಿ ತಿರುಗಾಟ

ಬರೋಬ್ಬರಿ ಹಿಡದೀರಿ. ಒಂದು ವ್ಯತ್ಯಾಸ ಐತಿ. ಖಾನಾವಳಿಯಾಗ ಅಜ್ಜಿ ಒಳಗ ಹೋದ್ರೂ ರೊಟ್ಟಿ ಹೊರಗ ಬರ್ತೈತಿ. ವೇಗಸ್ಸಿನಾಗ ಒಳಗ ಹೋದದ್ದು ಅಂಗಡಿಯ ಮೂಲ ಕಸುಬ. ಕಾರ್ಯಕ್ರಮದಾಗ ರಾತ್ರಿ ಕಿಂಡಿ ತೋರಿಸ್ತಿದ್ರು, ನೆನಪ ಮಾಡ್ಕೊರಿ. ಬಾಗಿಲು ಹಾಕಿದ ಮ್ಯಾಲ ಗಾಜಿನ ಆ ಕಡಿಂದ ವ್ಯವಹಾರ. ಜೂಜಿನ ಊರು. ನಡುರಾತ್ರಿ ಆ ಕಿಂಡಿಗೆ ಯಾರು, ಯಾಕ ಬರ್ತಾರ ಅಂತ ಹೇಳಬೇಕಾದ್ದಿಲ್ಲ. ಅದನ್ನ ಟಿವಿಯವ್ರು ಭಾಳ ಸಲ ನಗಿಚಾಟಕಿ ಮಾಡಿ ತೋರಿಸಿದ್ರು. ಮನ್ಯಾಗ ಕುಂತು ನಾನೂ ನಗ್ತಿದ್ದೆ. ಆ ರಸ್ತೆದಾಗ ನಿಂತಾಗ ನಗಿ ಬರಲಿಲ್ಲ. ಇಷ್ಟ ಹೇಳಾಕ ಈ ಚರ್ಚಾ ಶುರು ಮಾಡಿದ್ದು.

ಮನಗೂಳಿ ಅಗಸಿ · ವಿಜಯಪುರ

ಎಲ್ಲಾ ಓದಿದೆ. ನನ್ನ ಹತ್ರ ಟ್ರ್ಯಾಕ್ಟರ್ ಚಿತ್ರ ಇರೋ ಹಳೇ ಐದು ರೂಪಾಯಿ ನೋಟು ಅದ. ಯೂಟ್ಯೂಬಿನಾಗ ಲಕ್ಷಗಟ್ಟಲೆ ಕೊಡ್ತಾರ ಅಂತ ಬರ್ತದ. ಫೋನ್ ಮಾಡಿದ್ರ ಮೊದಲ ರಜಿಸ್ಟ್ರೇಷನ್ ಫೀ ಕಳಸ್ರಿ ಅಂತಾರ. ಮತ್ತ ನಮ್ಮಜ್ಜ ಇಟ್ಟಿದ್ದ ಬೆಳ್ಳಿ ತಂತಿ ಮಡಚಿದಂಗ ಒಂದು ಅದ, ಅದರ ಮ್ಯಾಲ ಉರ್ದುನೋ ಪಾರ್ಸಿನೋ ಅಕ್ಷರ. ಅಮೆರಿಕಾಕ್ಕ ಹೋಗೋರ ಕೈಲೆ ಕೊಟ್ಟು ಆ ಅಂಗಡಿಯಾಗ ತೋರಿಸಿದ್ರ ಹೆಂಗ?

ಗುಮ್ಮಟದ ನೆರಳು

ಫೀ ಕಳಸಬ್ಯಾಡ್ರಿ! ಅದು ಪೂರಾ ಮೋಸ. ತನ್ನ ಹೆಸರು ಹೇಳಿ ಹಳೇ ನೋಟು ನಾಣ್ಯಕ್ಕ ಫೀ, ಕಮಿಷನ್, ಟ್ಯಾಕ್ಸ್ ಕೇಳೋರನ್ನ ನಂಬಬ್ಯಾಡ್ರಿ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ದಾಗ ಪ್ರಕಟಣೆನ ಕೊಟ್ಟದ. ಟ್ರ್ಯಾಕ್ಟರ್ ನೋಟು ಊರ ತುಂಬ ಅವ.

ಬೆಳ್ಳಿ ತಂತಿ ಮಾತು ಬ್ಯಾರೆ. ಹೇರ್‌ಪಿನ್ ಹಂಗ ಮಡಚಿದ್ದು, ಎರಡೂ ಕಡಿ ಅಕ್ಷರ ಒತ್ತಿದ್ದಂದ್ರ ಅದು ಲಾರಿ ನಾಣ್ಯ ಇರಬಹುದು. 17ನೇ ಶತಮಾನದಾಗ ಎರಡನೇ ಅಲಿ ಆದಿಲಶಾಹನ ಹೆಸರಿನಾಗ ಹೊಡದದ್ದು, ಕರಾವಳಿ ವ್ಯಾಪಾರಕ್ಕ ಚಲಾವಣೆಯಾಗಿತ್ತು. ನಕಲಿನೂ ಇರ್ತಾವ. ತಿಕ್ಕಿ ತೊಳಿಬ್ಯಾಡ್ರಿ, ಹುಣಸಿಹಣ್ಣು ಅಂತೂ ಹಚ್ಚಲೇಬ್ಯಾಡ್ರಿ. ಎರಡೂ ಬದಿ ಫೋಟೋ ತಗದು, ತೂಕ ಬರದು ಇಡ್ರಿ. ನಾಣ್ಯಶಾಸ್ತ್ರ ಓದಿದವ್ರು ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಾಗ ಸಿಗತಾರ, ಅಲ್ಲೆ ತೋರಿಸ್ರಿ.

ಬೀಳಗಿ ಮಾಸ್ತರ

ಅಮೆರಿಕಕ್ಕೆ ಯಾರ ಕೈಯಲ್ಲೂ ಕೊಡಬೇಡಿ. ಅದು ನಿಜವಾದ ಲಾರಿ ಆಗಿದ್ದರೆ ಪುರಾವಸ್ತು. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಒಯ್ದವರು ಜೈಲಿಗೆ ಹೋಗುವ ಸಂಭವ ಇದೆ.

ಮನಗೂಳಿ ಅಗಸಿ

ಆತ್ರಿ. ನೋಟಿಗೆ ಫೀ ಕೇಳಿದವ್ರ ಫೋನ್ ನಂಬರ್ ಬ್ಲಾಕ್ ಮಾಡಿದೆ. ಹುಣಸಿಹಣ್ಣಿನ ಮಾತು ಮೊದಲ ಹೇಳಬೇಕಿತ್ತು, ನಮ್ಮವ್ವ ದೀಪಾವಳಿಗೆ ತಿಕ್ಕ್ಯಾಳ.

ರಾಣಿ ಚನ್ನಮ್ಮ ಸರ್ಕಲ್

ತಿರುಗಾಟದವರೆ, ನನ್ನ ಅಣ್ಣ ಆಫೀಸ್ ಕೆಲಸಕ್ಕೆ ವೇಗಸ್‌ಗೆ ಹೋಗ್ತಿದ್ದಾನೆ. ಅರ್ಧ ದಿನ ಬಿಡುವು ಸಿಗುತ್ತೆ. ಆ ಅಂಗಡಿಗೆ ಹೋಗು ಅನ್ನಲೋ ಬೇಡವೋ?

ಟಿಳಕವಾಡಿ ತಿರುಗಾಟ

ಬರೀ ಅಂಗಡಿ ಸಲುವಾಗಿ ಹೋಗೂದು ಬ್ಯಾಡ, ಅದರ ಸುತ್ತ ಅರ್ಧ ದಿನಾ ಹೊಂದಿಸ್ಕೊಳ್ರಿ ಅನ್ರಿ. ಹೋಗೂಕಿಂತ ಮೊದಲ ಅಂಗಡಿಯ ವೆಬ್‌ಸೈಟಿನಾಗ ಆ ದಿನದ ವ್ಯಾಳ್ಯಾ ನೋಡ್ಲಿ, ಶೂಟಿಂಗ್ ಇದ್ರ ಒಳಗ ಬಿಡಂಗಿಲ್ಲ. ಅದ ರಸ್ತೆಗುಂಟ ಇನ್ನೂ ಉತ್ತರಕ್ಕ ಹೋದ್ರ ನಿಯಾನ್ ಮ್ಯೂಸಿಯಂ ಐತಿ, ಮುಚ್ಚಿಹೋದ ಕ್ಯಾಸಿನೊ ಹೋಟೆಲುಗಳ ದೊಡ್ಡ ದೊಡ್ಡ ದೀಪದ ಬೋರ್ಡುಗಳನ್ನ ತಂದು ಬಯಲಿನಾಗ ನಿಂದ್ರಿಸ್ಯಾರ. ಟಿಕೆಟ್ ಮೊದಲ ತಗೋಬೇಕು. ನನ್ನ ಕೇಳಿದ್ರ ಅಂಗಡಿಕಿಂತ ಅದು ಚಲೋ. ಸಂಜಿಗೆ ಅದನ್ನ ನೋಡಿ, ಆಮ್ಯಾಲ ಫ್ರೀಮಾಂಟ್ ಸ್ಟ್ರೀಟಿನಾಗ ಊಟಾ. ಅಂಗಡಿಗೆ ಹೋದ್ರ ಕೌಂಟರ್ ಕಡಿ ಮೊಬೈಲ್ ಹಿಡೀಬ್ಯಾಡ ಅಂತ ಹೇಳ್ರಿ. ಗಡಿಯಾರ, ಉಂಗರದ ಫೋಟೋ ಬೇಕಾದಷ್ಟು ತಗೊಳ್ಳಲಿ.